ಟೆರೆಜೀನ್ ಕವಿತೆಗಳಿಗೆ ನಾನು ಮಾರುತ್ತರ ಬರೆಯುವ ಬಗೆ

ಹಾಲೋಕಾಸ್ಟ್‌ಗೆ, ಅಂದರೆ ಹಿಟ್ಲರನ ನಾಜಿಗಳು ನಡೆಸಿದ ಯಹೂದಿಗಳ ಸಾಮೂಹಿಕ ಕೊಲೆಗೆ, ಬಲಿಯಾದ ಮಕ್ಕಳ ಕವಿತೆ ಓದಿದ ಕೂಡಲೇ ಕಣ್ಣು ತುಂಬಿ ಬರುತ್ತದೆ. ಆಗಲೇ ಪೆನ್ನು ಹಿಡಿದರೆ ‘ಅರಳುವ ಮೊದಲೇ ಬಾಡಿದ ಮೊಗ್ಗುಗಳು’ ಅಂತ ಕೈ ತಾನೇ ಬರೆದುಬಿಡುತ್ತದೆ. ಆ ಸಾಲನ್ನು ನಾನು ಹತ್ತಿರ ಸೇರಿಸುವುದಿಲ್ಲ. ಮೊಗ್ಗು ತಾನಾಗಿ ಬಾಡೀತು. ಈ ಮಕ್ಕಳನ್ನು ನಾಜಿಗಳು ಪಟ್ಟಿ ಮಾಡಿ, ರೈಲು ಹತ್ತಿಸಿ ಕೊಂದರು. ಹೀಗೂ ಬೇರೆ ಬಗೆಯಲ್ಲೂ ಅವರು ಕೊಂದದ್ದು ಒಟ್ಟು ಸುಮಾರು 15 ಲಕ್ಷ ಯಹೂದಿ ಮಕ್ಕಳನ್ನು. ಕೊಂದವರನ್ನು ಮರೆಸುವ ಸಾಲು ಎಷ್ಟು ಚೆಂದ ಇದ್ದರೂ ಬೇಡ.

ನಾನು ಮೊದಲು ಬರೆದವರು ಯಾರು ಅಂತ ಹುಡುಕುತ್ತೇನೆ. ಪಾವೆಲ್ ಫ್ರೀಡ್‌ಮನ್‌ನ ‘ಚಿಟ್ಟೆ’ ಕವಿತೆಯನ್ನೇ ನೋಡಿ. ಪುಟ್ಟ ಹುಡುಗ ಬರೆದದ್ದು ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಆತ ಹುಟ್ಟಿದ್ದು 1921ರಲ್ಲಿ, ಪ್ರಾಗ್‌ನಲ್ಲಿ. 1942ರ ಏಪ್ರಿಲ್‌ನಲ್ಲಿ ಅವನನ್ನು ಟೆರೆಜೀನ್ ಘೆಟ್ಟೋಗೆ ತಂದರು; ಅದು ಚೆಕ್ ನಾಡಿನಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಊರು. ಕವಿತೆಯ ತಾರೀಖು ಅದೇ ವರ್ಷದ ಜೂನ್ 4. ಅಂದರೆ ಆಗ ಅವನಿಗೆ 21. 1944ರ ಸೆಪ್ಟೆಂಬರ್‌ನಲ್ಲಿ ನಾಜಿಗಳ ಕೊಲೆ ಶಿಬಿರವಾದ ಔಶ್ವಿಟ್ಜ್‌ಗೆ ಸಾಗಿಸಿದರು, ಅಲ್ಲೇ ಸತ್ತ.

ಇದು ಗೊತ್ತಾದ ಮೇಲೆ ಕವಿತೆ ಬೇರೆಯೇ ಥರ ಕೇಳಿಸುತ್ತದೆ. ಸುತ್ತ ಏನಾಗುತ್ತಿದೆ ಅಂತ ಬಲ್ಲ ಯುವಕ ಚಿಟ್ಟೆಯ ಹಳದಿ ಬಣ್ಣವನ್ನು ಅಷ್ಟು ಗಮನವಿಟ್ಟು ನೋಡುತ್ತಿದ್ದಾನೆ. ಆ ಬೇಲಿಯೊಳಗೂ ಅವನಿಗೆ ಪ್ರೀತಿಸಲು ಏನೋ ಸಿಕ್ಕಿದೆ. ಡ್ಯಾಂಡೆಲಿಯನ್ ಹೂಗಳಿವೆ, ಅಂಗಳದಲ್ಲಿ ಬಿಳಿ ಹೂ ಬಿಟ್ಟ ಚೆಸ್ಟ್‌ನಟ್ ಕೊಂಬೆಗಳಿವೆ. ಚಿಟ್ಟೆ ಒಂದೇ ಮತ್ತೆ ಕಾಣಲಿಲ್ಲ. ನಾನು ಕವಿತೆಯನ್ನು ಕೈಯಾರೆ ನಕಲು ಮಾಡಿ, ಅವನು ಕಂಡದ್ದಕ್ಕೆಲ್ಲ ಗೆರೆ ಎಳೆಯುತ್ತೇನೆ. ನನ್ನ ಮಾರುತ್ತರ ಅಲ್ಲಿಂದಲೇ ಶುರುವಾಗುತ್ತದೆ. ನಾನು ಚೆಸ್ಟ್‌ನಟ್ ಬಗ್ಗೆ ಬರೆದೆ. ಆ ಕೊಂಬೆ ಕಾಣುತ್ತಿದ್ದದ್ದು ಯಾವ ಕಿಟಕಿಯಿಂದ, ಪಕ್ಕದಲ್ಲಿ ಯಾರಿದ್ದರು ಅಂತ ಅವನನ್ನೇ ಕೇಳಿದೆ.

ಒಂದು ಮಾತ್ರ ಮಾಡುವುದಿಲ್ಲ: ಸತ್ತ ಮಗುವಿನ ಬಾಯಲ್ಲಿ ನನ್ನ ಮಾತು ಇಡುವುದಿಲ್ಲ. ‘ನಾನು ಗ್ಯಾಸ್ ಕೋಣೆಯಲ್ಲಿ ನಿಂತಿದ್ದೇನೆ’ ಅಂತ ನಾವು ಬರೆಯಬಾರದು. ಆ ಮಕ್ಕಳಿಗೆ ತಮ್ಮದೇ ಮಾತಿತ್ತು, ಅಲ್ವಾ? ಟೆರೆಜೀನ್‌ನ ಹುಡುಗರು ‘ವೆದೆಮ್’ ಅನ್ನುವ ಪತ್ರಿಕೆಯನ್ನೇ ಗುಟ್ಟಾಗಿ ನಡೆಸಿದರು. ಶುಕ್ರವಾರ ಸಂಜೆ ಅದನ್ನು ಒಟ್ಟಿಗೆ ಕೂತು ಜೋರಾಗಿ ಓದುತ್ತಿದ್ದರು. ಸಂಪಾದಕ ಪೇತ್ರ್ ಗಿಂಜ್, 1928ರಲ್ಲಿ ಹುಟ್ಟಿದವನು. ಅವನು ವರದಿಗಾರನ ಥರ ಘೆಟ್ಟೋ ಸುತ್ತಿ ಬೇಕರಿಯ ಬಗ್ಗೆಯೂ ಬರೆದ, ಹೆಣ ಸುಡುವ ಜಾಗದ ಬಗ್ಗೆಯೂ ಬರೆದ. 1944ರಲ್ಲಿ ಅವನನ್ನೂ ಔಶ್ವಿಟ್ಜ್‌ನಲ್ಲಿ ಕೊಂದರು.

ಹೈಸ್ಕೂಲ್ ಮಕ್ಕಳ ಜೊತೆ ಓದುವಾಗ ನಾನು ಪೇತ್ರ್‌ನ ಬಗ್ಗೆಯೂ ತಪ್ಪದೆ ಹೇಳುತ್ತೇನೆ. ಸುಮ್ನೆ ‘ಪಾಪ’ ಅಂದು ಮುಗಿಸುವ ಬದಲು ಅವರು ಪ್ರಶ್ನೆ ಕೇಳತೊಡಗುತ್ತಾರೆ. ಒಬ್ಬಳು ಅವನಿಗೆ ಬರೆದದ್ದು ಇಷ್ಟೇ: ‘ಬೇಕರಿಗೆ ಹೋದಾಗ ನಿನಗೆ ಹಸಿವಾಗಿತ್ತಾ? ಅದನ್ನೂ ಬರೆದೆಯಾ?’ ಅದಕ್ಕೆ ನಾನು ಒಂದಕ್ಷರವನ್ನೂ ಸೇರಿಸಲಿಲ್ಲ, ತಿದ್ದಲೂ ಇಲ್ಲ.