ಕವಳಿ ಎಲೆಯನ್ನು ಮೊದಲು ಬೆರಳಲ್ಲಿ ಒರೆಸಿ ನೋಡಿ

ಹುಳಿ ಹಣ್ಣಿನ ಈ ಮುಳ್ಳುಗಿಡ ನಮ್ಮ ಶಿರಸಿ ಕಡೆ ಕವಳಿ, ಮಂಗಳೂರಿನವರಿಗೆ ಕರಂಡೆ, ಇಲ್ಲಿ ಮುಂಬಯಿಯ ಮುಲುಂಡಿನಲ್ಲಿ ಕರವಂದ. ಮೇ ತಿಂಗಳಲ್ಲಿ ಕಸಾರಾ, ಕರ್ಜತ್ ಕಡೆ ಆದಿವಾಸಿ ಹೆಂಗಸರು ಎಲೆದೊನ್ನೆಯಲ್ಲಿ ಮಾರುವ 'ಡೋಂಗರ್‌ಚೀ ಕಾಳೀ ಮೈನಾ' (ಗುಡ್ಡದ ಕರಿ ಮೈನಾ) ಇದೇ. ಬಾಯಿಗೆ ಹಾಕುವ ಮುಂಚೆ 'ಕೋಂಬ್ಡಾ ಕೀ ಕೋಂಬ್ಡೀ' ಅಂತ ಕೇಳುವುದು ಇಲ್ಲಿಯ ಮಕ್ಕಳ ಆಟ. ಕಚ್ಚಿದಾಗ ಒಳಗೆ ಕೆಂಪಿದ್ದರೆ ಹುಂಜ, ಬಿಳಿಯಿದ್ದರೆ ಹೇಂಟೆ. ನನ್ನ ಮೊಮ್ಮಗ ಪ್ರತಿ ಸಲ ಹುಂಜ ಅಂತಲೇ ಹೇಳುತ್ತಾನೆ.

ಗಿಡ ಕೊಳ್ಳುವಾಗ ಮುಳ್ಳು ನೋಡಿ. ನರ್ಸರಿಗಳಲ್ಲಿ ಕರವಂದದ ಹೆಸರಿನಲ್ಲಿ ಆಫ್ರಿಕಾದ ನೇಟಾಲ್ ಪ್ಲಮ್ ಕೊಟ್ಟು ಕಳಿಸುವುದುಂಟು. ಅದರ ಮುಳ್ಳಿನ ತುದಿ ಕವಲೊಡೆದಿರುತ್ತದೆ, ಹೂವು ದೊಡ್ಡದು, ಹಣ್ಣು ಕೆಂಪು. ಕಾಯಿ ದಪ್ಪಗಿರಬೇಕು ಅನ್ನುವವರು ದಾಪೋಲಿ ಕೃಷಿ ವಿದ್ಯಾಪೀಠದ 'ಕೊಂಕಣ್ ಬೋಲ್ಡ್' ತಳಿ ಕೇಳಿ. ಬೀಜದಿಂದಲೂ ಮಾಡಬಹುದು, ಆದರೆ ಹಣ್ಣು ತಿಂದ ವಾರದೊಳಗೇ ಊರಬೇಕು. ಒಣಗಿಸಿಟ್ಟ ಬೀಜ ಏಳುವುದಿಲ್ಲ. ಕಾಯಿ ಬಿಡಲು ಎರಡು ಮೂರು ವರ್ಷ ಬೇಕು. ಬಿಸಿಲು ದಿನಕ್ಕೆ ಆರು ತಾಸಾದರೂ ಬೀಳಲಿ. ಮಣ್ಣು ಎಂಥದಾದರೂ ನಡೆಯುತ್ತದೆ. ಗುಡ್ಡದ ಜಂಬಿಟ್ಟಿಗೆಯ ಸಂದಿಯಲ್ಲಿ ಬೆಳೆಯುವ ಗಿಡ ಅದು.

ತಡೆಯದೇ ಇರುವುದು ಒಂದೇ: ಬುಡದಲ್ಲಿ ನಿಂತ ನೀರು. ನಾನೂ ಈ ತಪ್ಪು ಮಾಡಿದ್ದೇನೆ. ಬಾಲ್ಕನಿ ಗಲೀಜಾಗದಿರಲಿ ಅಂತ ಮೊದಲ ಗಿಡದ ಕುಂಡದ ಕೆಳಗೆ ತಟ್ಟೆ ಇಟ್ಟಿದ್ದೆ. ಜುಲೈಯಲ್ಲಿ ಎಲೆ ಹಳದಿಯಾಗಿ ಬಾಡಿತು. ನೀರು ಸಾಲದೇನೋ ಅಂತ ಮತ್ತಷ್ಟು ಹೊಯ್ದೆ! ಕೊನೆಗೆ ಕಿತ್ತು ನೋಡಿದರೆ ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳಲ್ಲಿ ಎಳೆದಾಗ ಸಿಪ್ಪೆ ಜಾರಿ ಕೈಗೆ ಬಂತು, ಒಳಗಿನ ನಾರು ಮಾತ್ರ ದಾರದ ಹಾಗೆ ಉಳಿಯಿತು. ಅದೇ ಬೇರುಕೊಳೆ. ಮಣ್ಣು ಹಸಿಯಿದ್ದೂ ಗಿಡ ಬಾಡಿದರೆ ನೀರು ಹಾಕಲೇಬೇಡಿ, ತಟ್ಟೆ ತೆಗೆದು ಕುಂಡದ ತೂತು ನೋಡಿ.

ಎಲೆ ಮೇಲೆ ಏನಾದರೂ ಕಂಡ ತಕ್ಷಣ ಔಷಧದ ಅಂಗಡಿಗೆ ಓಡುತ್ತಾರೆ. ಮೊದಲು ಒದ್ದೆ ಬೆರಳಲ್ಲಿ ಒರೆಸಿ. ಮಸಿಯ ಹಾಗೆ ಕಪ್ಪು ಬೆರಳಿಗೆ ಹತ್ತಿತೋ, ಅದು ಎಲೆಯ ರೋಗವಲ್ಲ, ಹಿಟ್ಟುತಿಗಣೆ ಅಥವಾ ಶಲ್ಕ ಕೀಟದ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು. ಇರುವೆ ಸಾಲು ಹತ್ತಿದ ದಾರಿ ಹಿಡಿದರೆ ಕೀಟ ಸಿಗುತ್ತದೆ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು ಕದಡಿ ಸಂಜೆ ಹೊತ್ತು ಎಲೆಯಡಿಗೆ ಸಿಂಪಡಿಸಿದರೆ ಸಾಕು. ಮಖಮಲ್ಲಿನಂಥ ಕಿತ್ತಳೆ ಚುಕ್ಕೆಯಾದರೆ ಪಾಚಿ. ಗಿಡ ಒತ್ತಾಗಿ ಗಾಳಿಯಾಡುತ್ತಿಲ್ಲ ಅಂತ ಅರ್ಥ. ಒರೆಸಿದರೂ ಹೋಗದ, ಒತ್ತಿ ಹಿಡಿದಂತೆ ತಗ್ಗಾದ ಕಂದು ಮಚ್ಚೆ, ಕಾಯಿಯ ಮೇಲೂ ಅಂಥದೇ ಕಲೆ ಇದ್ದರೆ ಮಾತ್ರ ಚಿಬ್ಬು ಅನ್ನುವ ಶಿಲೀಂಧ್ರ ರೋಗದ ಅನುಮಾನ ಪಡಿ. ಮಳೆ ಹನಿ ಸಿಡಿದು ಅದು ಹಬ್ಬುತ್ತದೆ, ಬಿದ್ದ ಎಲೆ ಕಾಯಿಗಳನ್ನು ಬುಡದಲ್ಲಿ ಬಿಡಬೇಡಿ.

ಟೊಂಗೆಯ ತುದಿ ಕಪ್ಪಾಗಿ ಕೆಳಗೆ ಇಳಿಯುತ್ತಾ ಬಂದರೆ, ಒಳಗಿನ ಕಟ್ಟಿಗೆ ಬೆಳ್ಳಗೆ ಕಾಣುವವರೆಗೂ ಇಳಿದು ಕತ್ತರಿಸಿ. ಪ್ರತಿ ಕೊಯ್ತಕ್ಕೂ ಕತ್ತರಿಗೆ ಸ್ಪಿರಿಟ್ ಒರೆಸಬೇಕು. ಕತ್ತರಿಸಿದಲ್ಲಿ ಗಿಡದ ಹಾಲು ಸುರಿದು ಅಂಟುತ್ತದೆ, ಮುಂಚೆಯೇ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ; ಹಳೆ ಸೀರೆ ಉಟ್ಟಿರಿ.

ಇಷ್ಟಾದರೂ ರೋಗ ಬಿಡದಿದ್ದರೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರದ ಔಷಧ) ಸಿಂಪಡಿಸಿ, ಅದೂ ಕಾಯಿ ಪೂರ್ತಿ ಕೊಯ್ದ ಮೇಲೆ, ಜೂನಿನ ಮಳೆಗೆ ಮುಂಚೆ. 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನೊಂದು 5 ಲೀಟರಿನಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳಲ್ಲೇ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಕಬ್ಬಿಣದ ಮೊಳೆ ಅದ್ದಿ ನೋಡಿ; ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಆ ದಿನವೇ ಖರ್ಚು ಮಾಡಿ, ನಾಳೆಗೆ ಇಡಬೇಡಿ.

ಉಪ್ಪಿನಕಾಯಿಗೆ ಏಪ್ರಿಲ್‌ನಲ್ಲೇ, ಕಾಯಿ ಹಸಿರಿರುವಾಗ ಕೊಯ್ಯಬೇಕು. ತೊಟ್ಟು ಮುರಿದು ಉಪ್ಪುನೀರಿನಲ್ಲಿ ಒಂದು ರಾತ್ರಿ ಇಟ್ಟರೆ ಹಾಲೆಲ್ಲ ಬಿಡುತ್ತದೆ. ಆ ನೀರನ್ನು ಚೆಲ್ಲಿಬಿಡಿ; ಹೋದ ವರ್ಷ ಸೊಸೆ ಚೆಲ್ಲದೆ ಅದರಲ್ಲೇ ಮಸಾಲೆ ಕಲಸಿದ್ದಳು.