ಔಷಧಿ ಹೊಡೆಯುವಾಗ ಮೂಗಿನಷ್ಟೇ ಮೈಯನ್ನೂ ಕಾಪಾಡಿಕೊಳ್ಳಿ

ಹೊಲಕ್ಕೆ ಔಷಧಿ ಹೊಡೆಯುವವರನ್ನು ಒಮ್ಮೆ ಗಮನಿಸಿ. ಮೂಗು-ಬಾಯಿಗೆ ಟವೆಲ್ ಸುತ್ತಿರುತ್ತಾರೆ. ಕೆಳಗೆ ಚಡ್ಡಿ, ಬರಿಗಾಲು, ಬೆನ್ನ ಮೇಲೆ ಸೋರುವ ಕ್ಯಾನ್. ವಾಸನೆಗೆ ಹೆದರುತ್ತಾರೆ, ಒದ್ದೆಗೆ ಯಾರೂ ಹೆದರುವುದಿಲ್ಲ. ಆದರೆ ಸಿಂಪಡಿಸುವವರ ಮೈಗೆ ವಿಷ ಜಾಸ್ತಿ ಸೇರುವುದು ಚರ್ಮದ ದಾರಿಯಿಂದಲೇ.

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂಥ ಕೀಟನಾಶಕಗಳು ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತವೆ, ಹಾಗಾಗಿ ಚರ್ಮದೊಳಕ್ಕೆ ಇಳಿಯುವುದು ಅವಕ್ಕೆ ಕಷ್ಟವಲ್ಲ. ಹೆಸರಿನ ಪಕ್ಕ ಇ.ಸಿ. (ನೀರಿಗೆ ಹಾಕಿದರೆ ಹಾಲಿನಂತಾಗುವ ಎಣ್ಣೆಯಂಥ ದ್ರವ) ಅಂತ ಇದ್ದರೆ ಅದರಲ್ಲಿ ವಿಷವನ್ನು ಕರಗಿಸುವ ದ್ರಾವಕವೂ ಇರುತ್ತದೆ, ಅದು ದಾರಿ ಇನ್ನಷ್ಟು ಸಲೀಸು ಮಾಡುತ್ತದೆ. ಎಷ್ಟೋ ಸಲ ಉರಿಯೇ ಇರುವುದಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ. ಮೈಯೆಲ್ಲ ಒಂದೇ ಸಮ ಹೀರುತ್ತದೆ ಅಂದುಕೊಳ್ಳಬೇಡಿ. 1971ರಲ್ಲಿ ಪ್ರಕಟವಾದ, ಪ್ಯಾರಥಿಯಾನ್ ಎಂಬ ಕೀಟನಾಶಕವನ್ನು ಜನರ ಚರ್ಮಕ್ಕೆ ಹಚ್ಚಿ ಮಾಡಿದ ಅಧ್ಯಯನದಲ್ಲಿ ಮುಂಗೈಗಿಂತ ಹಣೆ ಸುಮಾರು 4 ಪಟ್ಟು, ಕಂಕುಳು 7 ಪಟ್ಟು, ವೃಷಣದ ಚರ್ಮ ಹತ್ತಿರ ಹತ್ತಿರ 12 ಪಟ್ಟು ಹೀರಿತ್ತು. ಈಗ ಸೋರುವ ಕ್ಯಾನ್‌ನಿಂದ ಬೆನ್ನಿಗಿಳಿದು ಚಡ್ಡಿ ನೆನೆಸುವ ನೀರು ಎಲ್ಲಿ ಹೋಗಿ ನಿಲ್ಲುತ್ತದೆ, ಯೋಚಿಸಿ.

ಹಾಗಾಗಿ ಕೆಲಸ ಶುರುವಾಗುವುದು ಮನೆಯಲ್ಲೇ. ಹಿಂದಿನ ದಿನ ಕ್ಯಾನಿಗೆ ಬರೀ ನೀರು ತುಂಬಿ ಹೊತ್ತು ನೋಡಿ. ಮುಚ್ಚಳ, ಪೈಪಿನ ಬುಡ, ವಾಷರ್ ಎಲ್ಲಿ ಜಿನುಗಿದರೂ ಮೊದಲು ಅದನ್ನು ಸರಿಮಾಡಿ. ಬಟ್ಟೆ ಸುತ್ತಿ ಕಟ್ಟಿದರೆ ಪ್ರಯೋಜನವಿಲ್ಲ, ಆ ಬಟ್ಟೆಯೇ ವಿಷ ಹೀರಿಕೊಂಡು ಬೆನ್ನಿಗೆ ಅಂಟಿ ಕೂರುತ್ತದೆ.

ಎಲ್ಲಕ್ಕಿಂತ ಅಪಾಯದ ಹೊತ್ತು ಬೆರೆಸುವಾಗಿನದು, ಯಾಕೆಂದರೆ ಬಾಟಲಿಯಲ್ಲಿರುವುದು ನೀರು ಸೇರದ ಗಟ್ಟಿ ವಿಷ. ಮುಚ್ಚಳದಲ್ಲಿ ಅಳೆದು ಕೈಯಲ್ಲೇ ಕಲಸುವವರಿದ್ದಾರೆ! ಅಳತೆ ಲೋಟ, ಉದ್ದನೆ ಕೋಲು, ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಗ್ಲೌಸ್ ಇಟ್ಟುಕೊಳ್ಳಿ. ಬಟ್ಟೆಯ ಗ್ಲೌಸ್ ಬೇಡ, ಅದು ನೆಂದರೆ ಬರಿಗೈಗಿಂತ ಕಷ್ಟ. ಲೇಬಲ್ ಮೇಲಿನ ಬಣ್ಣದ ತ್ರಿಕೋನವನ್ನೂ ನೋಡಿ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ಷರಬತ್ತಲ್ಲ, ಅಲ್ವಾ?

ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಟೋಪಿ, ರಬ್ಬರ್ ಬೂಟು. ಪ್ಯಾಂಟಿನ ತುದಿ ಬೂಟಿನ ಹೊರಗಿರಲಿ, ಒಳಗೆ ಸಿಕ್ಕಿಸಿದರೆ ಬೂಟೇ ಬಕೆಟ್ ಆಗುತ್ತದೆ. ಸೊಂಟದೆತ್ತರದ ಬೆಳೆಗೆ ಹೊಡೆಯುವಾಗ ಅಂಗಿಯ ತೋಳು ಗ್ಲೌಸ್ ಮೇಲೆ ಬರಬೇಕು. ಕೈ ಎತ್ತಿ ಮರಕ್ಕೆ ಹೊಡೆಯುವುದಾದರೆ ಉಲ್ಟಾ. ಬೆನ್ನಿಗೆ ಕ್ಯಾನಿನ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡರೂ ಎಷ್ಟೋ ವಾಸಿ.

ಬಿಸಿಲೇರುವ ಮುಂಚೆ ಮುಗಿಸಿ, ಬೆವರಿದ ಬಿಸಿ ಮೈ ಬೇಗ ಹೀರುತ್ತದೆ. ಗಾಳಿ ಬೆನ್ನ ಹಿಂದಿನಿಂದಲೋ ಪಕ್ಕದಿಂದಲೋ ಬರಲಿ. ಆಳೆತ್ತರದ ಬೆಳೆಯೊಳಗೆ ನುಗ್ಗಿ ಹೊಡೆಯುವಾಗ ದುಪ್ಪಟ್ಟು ಎಚ್ಚರ ಬೇಕು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆದ ಹಲವು ರೈತರು ಸತ್ತರು. ಆ ವರ್ಷ ಹತ್ತಿ ಎತ್ತರಕ್ಕೆ ಬೆಳೆದು ಸಿಂಪಡಿಸಿದ್ದು ಮುಖ-ಮೈ ಮೇಲೇ ಬೀಳುತ್ತಿತ್ತು. ನಾಝಲ್ ಕಟ್ಟಿಕೊಂಡರೆ ಬಾಯಲ್ಲಿ ಊದಬೇಡಿ. ಎಲೆ-ಅಡಿಕೆ, ಬೀಡಿ ಕೈ ತೊಳೆದ ಮೇಲೆಯೇ. ಔಷಧಿ ಅಂಗಿಗೆ ಚೆಲ್ಲಿದರೆ ಸಾಲು ಮುಗಿಯಲಿ ಅಂತ ಕಾಯದೆ ಅಲ್ಲೇ ಬಿಚ್ಚಿ ಸೋಪು ಹಚ್ಚಿ ತೊಳೆಯಿರಿ. ಅದಕ್ಕೆ ಒಂದು ಕೊಡ ನೀರು, ಸೋಪು, ಬೇರೆ ಬಟ್ಟೆ ಬದುವಿನಲ್ಲಿ ಇರಲೇಬೇಕು.

ಮುಗಿದ ಮೇಲೆ ಮಗುವನ್ನು ಎತ್ತಿಕೊಳ್ಳುವ ಮೊದಲು ಸ್ನಾನ. ಉಗುರು, ಕಿವಿಯ ಹಿಂಭಾಗ, ತಲೆಗೂದಲು ಮರೆಯಬೇಡಿ, ಜೋರಾಗಿ ಉಜ್ಜಲೂಬೇಡಿ. ಬಟ್ಟೆ ಬೇರೆಯಾಗಿ ಒಗೆಯಿರಿ. ಸುಮ್ನೆ ಮನೆಯವರ ರಾಶಿಗೆ ಎಸೆದರೆ ಒಗೆಯುವವರ ಕೈಗೆ ಅದೇ ವಿಷ.

ಜೊಲ್ಲು, ವಿಪರೀತ ಬೆವರು, ವಾಂತಿ, ಕಣ್ಣು ಮಂಜು, ಸೂಜಿ ಮೊನೆಯಷ್ಟಾದ ಕಣ್ಣಪಾಪೆ, ಮೈ ಅದುರು, ಉಸಿರಾಟದ ಕಷ್ಟ ಕಂಡರೆ ಬಿಸಿಲು ಬಡಿದಿದೆ ಅಂತ ಮಜ್ಜಿಗೆ ಕುಡಿಸುತ್ತಾ ಕೂರಬೇಡಿ. ಬಟ್ಟೆ ತೆಗೆದು ತೊಳೆಯಿರಿ, ತೊಳೆಯುವವರೂ ಗ್ಲೌಸ್ ಹಾಕಲಿ. 108ಕ್ಕೆ ಕರೆ ಮಾಡಿ. ಬಾಟಲಿಯನ್ನು ಜೊತೆಗೆ ಒಯ್ಯಿರಿ, ಇಲ್ಲವೇ ಲೇಬಲ್ ಫೋಟೋ ತೆಗೆದುಕೊಳ್ಳಿ, ಯಾವ ವಿಷ ಅಂತ ಗೊತ್ತಾದರೆ ವೈದ್ಯರು ಅಟ್ರೋಪಿನ್ ಎಂಬ ಪ್ರತಿವಿಷ ಕೊಡಬೇಕೋ ಬೇರೆಯದೋ ಅಂತ ಬೇಗ ನಿರ್ಧರಿಸುತ್ತಾರೆ.