ಪ್ರಯಾಣಕ್ಕೆ ಟ್ಯಾಬ್ ಸಾಕೇ, ಲ್ಯಾಪ್‌ಟಾಪ್ ಬೇಕೇ? ಹೊರಡುವ ಮೊದಲೇ ಪರೀಕ್ಷಿಸುವ ಬಗೆ

ಈಗಿನ ಒಳ್ಳೆಯ ಟ್ಯಾಬ್‌ಗಳಿಗೆ ಶಕ್ತಿಯ ಕೊರತೆಯಿಲ್ಲ. ತೊಂದರೆ ಬರುವುದು ಬೇರೆ ಕಡೆಯಿಂದ. ಹತ್ತು ಕೆಲಸಗಳಲ್ಲಿ ಒಂಬತ್ತನ್ನು ಸಲೀಸಾಗಿ ಮಾಡಿಕೊಡುವ ಟ್ಯಾಬ್, ಹತ್ತನೆಯದಕ್ಕೆ ಕೈಯೆತ್ತಿಬಿಡುತ್ತದೆ. ಆ ಹತ್ತನೆಯ ಕೆಲಸ ಯಾವುದೆಂದು ಪರಊರಿನಲ್ಲಿ ಗೊತ್ತಾದರೆ ಪ್ರಯೋಜನವಿಲ್ಲ. ಮನೆಯಲ್ಲೇ ಪತ್ತೆ ಮಾಡಬೇಕು.

ಅದಕ್ಕೆ ಒಂದೇ ದಾರಿ: ಹೊರಡುವುದಕ್ಕೆ ಎರಡು ಮೂರು ವಾರ ಮೊದಲು ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು, ಒಂದು ವಾರ ಎಲ್ಲವನ್ನೂ ಟ್ಯಾಬ್‌ನಲ್ಲೇ ಮಾಡಿ ನೋಡಿ. ಲ್ಯಾಪ್‌ಟಾಪ್ ತೆಗೆಯಲೇಬೇಕಾಗಿ ಬಂದಾಗಲೆಲ್ಲ ಕಾರಣ ಬರೆದಿಡಿ. ವಾರದ ಕೊನೆಗೆ ಆ ಕಾರಣಗಳನ್ನು ಮೂರು ಗುಂಪು ಮಾಡಿ: ಬೇರೆ ಆ್ಯಪ್‌ನಿಂದ ಆಗುವಂಥವು, ಮನೆಗೆ ಮರಳುವ ತನಕ ಕಾಯಬಲ್ಲವು, ಎರಡೂ ಅಲ್ಲದವು. ಮೂರನೆಯ ಗುಂಪಿನಲ್ಲಿ ಒಂದೇ ಒಂದು ಕೆಲಸ ಉಳಿದು, ಅದು ಪ್ರಯಾಣದ ದಿನಗಳಲ್ಲೇ ಬರುವಂತಿದ್ದರೆ ಲ್ಯಾಪ್‌ಟಾಪನ್ನೇ ಒಯ್ಯಿರಿ. ಈ ಪರೀಕ್ಷೆಯನ್ನು ಒಂದು ದಿನಕ್ಕೆ ಮುಗಿಸಬೇಡಿ. ವಾರಕ್ಕೊಮ್ಮೆ ಬರುವ ಕೆಲಸವೇ ಸಾಮಾನ್ಯವಾಗಿ ಕೈಕೊಡುವುದು.

ಮೂರನೆಯ ಗುಂಪಿಗೆ ಪದೇ ಪದೇ ಬಂದು ಸೇರುವ ಕೆಲಸಗಳು ಕೆಲವಿವೆ. ಐಪ್ಯಾಡ್ ಮತ್ತು ಆಂಡ್ರಾಯ್ಡ್‌ನ ಎಕ್ಸೆಲ್‌ನಲ್ಲಿ ಮ್ಯಾಕ್ರೊ (ಹಲವು ಹಂತಗಳನ್ನು ತಾನೇ ಮಾಡುವ ಪುಟ್ಟ ಪ್ರೋಗ್ರಾಮ್) ಓಡುವುದಿಲ್ಲ. ಫೈಲ್ ತೆರೆಯುತ್ತದೆ, ಅಂಕಿಗಳು ಕಾಣುತ್ತವೆ, ಅಷ್ಟೇ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳು ಸಾಮಾನ್ಯವಾಗಿ ಕಂಪ್ಯೂಟರಿನ ಡ್ರೈವರ್ (ಸಾಧನವನ್ನು ನಡೆಸುವ ಸಾಫ್ಟ್‌ವೇರ್) ಬೇಡುತ್ತವೆ. ಫೋಟೊ ತಿದ್ದುವ ಲೈಟ್‌ರೂಮ್ ಇದೆ, ಆದರೆ ಕಂಪ್ಯೂಟರಿಗಷ್ಟೇ ಸಿಗುವ ಲೈಟ್‌ರೂಮ್ ಕ್ಲಾಸಿಕ್ ಇಲ್ಲ. ಕಚೇರಿಯ ಜಾಲಕ್ಕೆ ಹೊರಗಿನಿಂದ ಸುರಕ್ಷಿತವಾಗಿ ಸೇರಿಸುವ ವಿಪಿಎನ್ ಆ್ಯಪ್ ಟ್ಯಾಬ್‌ಗೆ ಸಿಕ್ಕರೂ, ಒಳಗಿನ ಜಾಲತಾಣ ಟ್ಯಾಬ್‌ನ ಬ್ರೌಸರಿನಲ್ಲಿ ಮುರಿದುಕೊಳ್ಳಬಹುದು. ಪ್ರೋಗ್ರಾಮ್ ಬರೆಯುವವರು ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಆದೇಶ ಕಳಿಸುವ ಸಂಪರ್ಕ) ಮೂಲಕವೋ ಬ್ರೌಸರಿನಲ್ಲೋ ದೂರದ ಸರ್ವರ್‌ನಲ್ಲಿ ಕೆಲಸ ಮಾಡಬಹುದು, ನೆಟ್‌ವರ್ಕ್ ಇರುವಷ್ಟು ಹೊತ್ತು. ಇನ್ನೊಂದು ವಿಷಯ: ಆಫೀಸ್ ಆ್ಯಪ್‌ಗಳಲ್ಲಿ 10.1 ಇಂಚಿಗಿಂತ ದೊಡ್ಡ ಪರದೆಯಲ್ಲಿ ಕಡತ ತಿದ್ದಲು ಮೈಕ್ರೋಸಾಫ್ಟ್ 365 ಚಂದಾ ಬೇಕು. ದೊಡ್ಡ ಟ್ಯಾಬ್ ಕೊಂಡ ಮೇಲೆ ಇದು ತಿಳಿದು ಬೇಸರಪಡುವವರು ಕಡಿಮೆಯೇನಿಲ್ಲ.

ತೂಕದ ಲೆಕ್ಕ

ಟ್ಯಾಬ್ ಹಗುರ ಎನ್ನುವುದು ಕೀಬೋರ್ಡ್ ಇಲ್ಲದಿದ್ದಾಗಿನ ಮಾತು. 13 ಇಂಚಿನ ಎಂ4 ಐಪ್ಯಾಡ್ ಪ್ರೊ 579 ಗ್ರಾಂ ಇದೆ. ಅದಕ್ಕೆ ಮ್ಯಾಜಿಕ್ ಕೀಬೋರ್ಡ್ ಸೇರಿಸಿದರೆ 1.2 ಕೆ.ಜಿ. ಆಸುಪಾಸಿಗೆ ಹೋಗುತ್ತದೆ, 13 ಇಂಚಿನ ಮ್ಯಾಕ್‌ಬುಕ್ ಏರ್ 1.24 ಕೆ.ಜಿ. ಅಂದರೆ ಉಳಿತಾಯ ಏನೂ ಇಲ್ಲ. ತೂಕ ಇಳಿಸುವುದೇ ಗುರಿಯಾದರೆ 11 ಇಂಚಿನ ಟ್ಯಾಬ್, 200 ಗ್ರಾಂ ಸುಮಾರಿನ ಮಡಚುವ ಬ್ಲೂಟೂತ್ ಕೀಬೋರ್ಡ್, ಒಂದು ತೆಳು ಸ್ಟ್ಯಾಂಡ್ ಸಾಕು. ಒಟ್ಟು 800 ಗ್ರಾಂ ಒಳಗೆ ಮುಗಿಯುತ್ತದೆ. ಆದರೆ ಈ ಜೋಡಣೆಗೆ ಮೇಜು ಬೇಕೇ ಬೇಕು. ತೊಡೆಯ ಮೇಲಿಟ್ಟರೆ ಸ್ಟ್ಯಾಂಡ್ ವಾಲುತ್ತದೆ. ಬಸ್ಸು, ರೈಲು, ಕಾಯುವ ಕೋಣೆಗಳಲ್ಲೇ ಹೆಚ್ಚು ಟೈಪ್ ಮಾಡುವವರಿಗೆ ಗಟ್ಟಿ ಹಿಂಜ್ ಇರುವ ಲ್ಯಾಪ್‌ಟಾಪೇ ಮೇಲು. ಕನ್ನಡದಲ್ಲಿ ಬರೆಯುವವರು ಹೊರಗಿನ ಕೀಬೋರ್ಡ್ ಜೋಡಿಸಿ, ನಿಮಗೆ ಅಭ್ಯಾಸವಾದ ವಿನ್ಯಾಸದಲ್ಲೇ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಒಂದು ಪುಟ ಟೈಪ್ ಮಾಡಿ ನೋಡಬೇಕು. ಪರದೆಯ ಕೀಲಿಮಣೆಯಲ್ಲಿ ಸಿಗುವ ವಿನ್ಯಾಸಗಳೆಲ್ಲ ಹೊರಗಿನದಕ್ಕೆ ಸಿಗುತ್ತವೆ ಎಂದುಕೊಳ್ಳಬೇಡಿ.

ಸರ್ಫೇಸ್ ಪ್ರೊನಂಥ ವಿಂಡೋಸ್ ಟ್ಯಾಬ್ ಬೇರೆಯೇ ಜಾತಿ. ಅದು ಟ್ಯಾಬ್ ಆಕಾರದ ಕಂಪ್ಯೂಟರ್. ಮ್ಯಾಕ್ರೊ ಓಡುತ್ತದೆ, ಕಂಪ್ಯೂಟರಿನ ಸಾಫ್ಟ್‌ವೇರ್ ನಡೆಯುತ್ತದೆ. ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರುವ ಮಾದರಿಯಾದರೆ ನಿಮ್ಮ ವಿಪಿಎನ್, ಪ್ರಿಂಟರ್, ಟೋಕನ್‌ಗಳಿಗೆ ಆರ್ಮ್ (ಆ ಚಿಪ್‌ನ ಬಗೆ) ಡ್ರೈವರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಬೇರೆ ಚಿಪ್‌ಗೆಂದು ಬರೆದ ಸಾಮಾನ್ಯ ಸಾಫ್ಟ್‌ವೇರ್ ಅನುಕರಣೆಯಲ್ಲಿ ಓಡುತ್ತದೆ, ಡ್ರೈವರ್ ಓಡುವುದಿಲ್ಲ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಎಸ್ ಸರಣಿಯಲ್ಲಿ ಆ್ಯಪ್‌ಗಳನ್ನು ವಿಂಡೋಗಳಲ್ಲಿ ತೆರೆಯುವ ಡೆಕ್ಸ್ ಇದೆ. ಐಪ್ಯಾಡ್‌ಗೆ 2025ರ ಐಪ್ಯಾಡ್‌ಓಎಸ್ 26ರಲ್ಲಿ ಬೇಕಾದ ಗಾತ್ರಕ್ಕೆ ಎಳೆಯಬಲ್ಲ ವಿಂಡೋಗಳು ಬಂದವು. ಎರಡೂ ನೋಡಲು ಕಂಪ್ಯೂಟರಿನಂತೆಯೇ ಇವೆ, ಒಳಗೆ ಓಡುವುದು ಮಾತ್ರ ಮೊಬೈಲ್ ಆ್ಯಪ್‌ಗಳೇ.

ಕ್ಯಾಮೆರಾ ಕಾರ್ಡಿನಿಂದ ಡಿಸ್ಕಿಗೆ

ಪ್ರಯಾಣದಲ್ಲಿ ಹೆಚ್ಚು ಕೈಕೊಡುವುದು ಇದೇ. ಬೇಕಾದ ಸಾಮಾನು: ಎಸ್‌ಡಿ ಕಾರ್ಡ್ ಕಿಂಡಿ ಮತ್ತು ಪವರ್ ಡೆಲಿವರಿ (ಚಾರ್ಜಿಂಗ್) ಕಿಂಡಿ ಎರಡೂ ಇರುವ ಯುಎಸ್‌ಬಿ-ಸಿ ಹಬ್, ಒಂದು ಎಸ್‌ಎಸ್‌ಡಿ (ವೇಗದ ಹೊರಗಿನ ಡಿಸ್ಕ್), 30 ವ್ಯಾಟಿನ ಚಾರ್ಜರ್, ಮತ್ತು ಡೇಟಾ ಕೇಬಲ್. ಈ ಕೊನೆಯದನ್ನೇ ಜನ ಮರೆಯುತ್ತಾರೆ. ಚಾರ್ಜರ್ ಜೊತೆ ಬರುವ ಯುಎಸ್‌ಬಿ-ಸಿ ಕೇಬಲ್‌ಗಳಲ್ಲಿ ಹೆಚ್ಚಿನವು ಯುಎಸ್‌ಬಿ 2ರ ವೇಗದವು. ಎಷ್ಟೇ ದುಬಾರಿ ಎಸ್‌ಎಸ್‌ಡಿ ಇದ್ದರೂ ಆ ಕೇಬಲ್‌ನಲ್ಲಿ ಆಮೆಯ ಹಾಗೆ ತೆವಳುತ್ತದೆ. ಟ್ಯಾಬ್‌ನ ಕಿಂಡಿಯೂ ಅಷ್ಟೇ. 10ನೇ ತಲೆಮಾರಿನ ಸಾದಾ ಐಪ್ಯಾಡ್‌ನ ಯುಎಸ್‌ಬಿ-ಸಿ ಸೆಕೆಂಡಿಗೆ 480 ಮೆಗಾಬಿಟ್‌ನದು. ಅದರಲ್ಲಿ 64 ಜಿಬಿ ಕಾರ್ಡ್ ಖಾಲಿಯಾಗಲು ಅರ್ಧ ಗಂಟೆ ಹಿಡಿಯುತ್ತದೆ. ಐಪ್ಯಾಡ್ ಏರ್, ಪ್ರೊಗಳಲ್ಲಿ ಕಿಂಡಿ ವೇಗದ್ದು, ಅಲ್ಲಿ ಮಿತಿ ಹಾಕುವುದು ಕಾರ್ಡೇ.

ಡಿಸ್ಕನ್ನು ಮನೆಯಲ್ಲೇ ಎಕ್ಸ್‌ಫ್ಯಾಟ್ (ಡಿಸ್ಕಿನಲ್ಲಿ ಕಡತ ಜೋಡಿಸುವ ಒಂದು ಬಗೆ) ಆಗಿ ಫಾರ್ಮ್ಯಾಟ್ ಮಾಡಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕಿಗೆ ಐಪ್ಯಾಡ್ ಬರೆಯುವುದಿಲ್ಲ. ಮೊದಲು ಹಬ್‌ಗೆ ಚಾರ್ಜರ್ ಜೋಡಿಸಿ, ಆಮೇಲೆ ಹಬ್ ಅನ್ನು ಟ್ಯಾಬ್‌ಗೆ ಚುಚ್ಚಿ, ಕೊನೆಗೆ ಕಾರ್ಡ್ ಮತ್ತು ಡಿಸ್ಕ್ ಹಾಕಿ. ಈ ಕ್ರಮ ಏಕೆಂದರೆ ಎಸ್‌ಎಸ್‌ಡಿ ಬರೆಯುವಾಗ ಹೆಚ್ಚು ವಿದ್ಯುತ್ ಎಳೆಯುತ್ತದೆ; ಟ್ಯಾಬ್‌ನಿಂದಲೇ ಕುಡಿಯಹೊರಟರೆ ನಡುವೆ ಸಂಪರ್ಕ ಕಡಿದು ಡಿಸ್ಕ್ ಮಾಯವಾಗುತ್ತದೆ. ಫೈಲ್ಸ್ ಆ್ಯಪ್‌ನಲ್ಲಿ ಇಡೀ ಕಾರ್ಡನ್ನು ಒಂದೇ ಏಟಿಗೆ ಎಳೆಯದೆ 20 ಜಿಬಿ ಆಸುಪಾಸಿನ ಕಂತುಗಳಲ್ಲಿ ನಕಲಿಸಿ. ನಡುವೆ ನಿಂತುಹೋದರೆ ಅಲ್ಲಿಂದಲೇ ಮುಂದುವರಿಸುವ ಸೌಲಭ್ಯ ಅದಕ್ಕಿಲ್ಲ. ಪರದೆ ತಾನೇ ಆರದಂತೆ ಆಟೋ-ಲಾಕ್ ತೆಗೆದಿಡಿ. ಪ್ರತಿ ಕಂತು ಮುಗಿದ ಮೇಲೆ ಎರಡೂ ಕಡೆ ಫೋಲ್ಡರಿನ ಫೈಲ್ ಸಂಖ್ಯೆ, ಗಾತ್ರ ಹೋಲಿಸಿ, ಕೊನೆಯ ದೊಡ್ಡ ವಿಡಿಯೊವನ್ನು ಡಿಸ್ಕಿನಿಂದಲೇ ತೆರೆದು ನೋಡಿ. ಐಪ್ಯಾಡ್‌ನಲ್ಲಿ ಡಿಸ್ಕನ್ನು ಬೇರ್ಪಡಿಸುವ ಪ್ರತ್ಯೇಕ ಗುಂಡಿ ಇಲ್ಲದ್ದರಿಂದ ನಕಲು ಮುಗಿದ ಗುರುತು ಬಂದ ಮೇಲೂ ಒಂದು ನಿಮಿಷ ಬಿಟ್ಟು ಕೀಳುವುದು ಕ್ಷೇಮ. ಎರಡು ಕಡೆ ನಕಲಾಗುವ ತನಕ ಕಾರ್ಡ್ ಅಳಿಸಬೇಡಿ.

ವಿದ್ಯುತ್ ವಿಷಯದಲ್ಲಿ ಟ್ಯಾಬ್ ನಿಸ್ಸಂಶಯವಾಗಿ ಗೆಲ್ಲುತ್ತದೆ. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 74 ವ್ಯಾಟ್-ಅವರ್. ಪರಿವರ್ತನೆಯ ನಷ್ಟ ಕಳೆದು ಕೈಗೆ ಸಿಗುವುದು 50ರ ಸುಮಾರು. 11 ಇಂಚಿನ ಟ್ಯಾಬ್ ಬ್ಯಾಟರಿ 30 ವ್ಯಾಟ್-ಅವರ್ ಆಸುಪಾಸು, ಆದ್ದರಿಂದ ಒಂದೂವರೆ ಸಲ ತುಂಬುತ್ತದೆ. 50ರಿಂದ 60 ವ್ಯಾಟ್-ಅವರ್‌ನ ಲ್ಯಾಪ್‌ಟಾಪ್ ಬ್ಯಾಟರಿ ಒಮ್ಮೆ ಪೂರ್ತಿ ತುಂಬುವುದೂ ಕಷ್ಟ. ವಿಮಾನದಲ್ಲಿ ಸಾಮಾನ್ಯವಾಗಿ ಅನುಮತಿ ಕೇಳದೆ ಒಯ್ಯಬಹುದಾದ ಪವರ್ ಬ್ಯಾಂಕಿನ ಮಿತಿ 100 ವ್ಯಾಟ್-ಅವರ್. ಅದೂ ಕೈಚೀಲದಲ್ಲೇ, ಚೆಕ್-ಇನ್ ಸಾಮಾನಿನಲ್ಲಿ ಇಡುವಂತಿಲ್ಲ.

ನೆಟ್‌ವರ್ಕ್ ಮತ್ತು ನಕ್ಷೆ

ವೈ-ಫೈ ಮಾತ್ರ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಚಿಪ್ ಇರುವುದಿಲ್ಲ. ಆಫ್‌ಲೈನ್ ನಕ್ಷೆ ಇಳಿಸಿಕೊಂಡರೂ ದಾರಿಯಲ್ಲಿ ನೀವೆಲ್ಲಿದ್ದೀರಿ ಎಂದು ಅದು ತೋರಿಸದು. ದಾರಿ ನೋಡಲು ಟ್ಯಾಬನ್ನೇ ನಂಬುವವರು ಸಿಮ್ ಮಾದರಿ ಕೊಳ್ಳಬೇಕು.

ಹೋಟೆಲ್ ವೈ-ಫೈಗೆ ಜೋಡಿಸಿದರೂ ಲಾಗಿನ್ ಪುಟ ಬಾರದಿದ್ದರೆ ಮೊದಲು ವಿಪಿಎನ್ ಆಫ್ ಮಾಡಿ, ಆಂಡ್ರಾಯ್ಡ್ ಆದರೆ ಸೆಟ್ಟಿಂಗ್‌ನ ಪ್ರೈವೇಟ್ ಡಿಎನ್‌ಎಸ್ ಆಯ್ಕೆಯನ್ನೂ ಆಫ್ ಮಾಡಿ. ಆಗಲೂ ಬಾರದಿದ್ದರೆ ಉಳಿಸಿದ ಪಟ್ಟಿಯಿಂದ ಆ ನೆಟ್‌ವರ್ಕ್ ತೆಗೆದು (ಫರ್ಗೆಟ್), ಮತ್ತೆ ಜೋಡಿಸಿ. ಪದೇ ಪದೇ ಲಾಗಿನ್ ಕೇಳುತ್ತಿದ್ದರೆ ಟ್ಯಾಬ್ ತನ್ನ ವೈ-ಫೈ ವಿಳಾಸವನ್ನು ಬದಲಿಸುತ್ತಿರಬಹುದು; ಆ ಒಂದು ನೆಟ್‌ವರ್ಕ್‌ಗೆ ಖಾಸಗಿ ವಿಳಾಸದ ಆಯ್ಕೆಯನ್ನು ತೆಗೆಯಿರಿ. ದೊಡ್ಡ ಫೈಲ್ ಅಪ್‌ಲೋಡ್ ಮಾಡುವಾಗ ಆ ಆ್ಯಪ್ ಕಣ್ಣೆದುರೇ ತೆರೆದಿರಲಿ. ಬೇರೆ ಆ್ಯಪ್‌ಗೆ ಹೋದರೆ ಹಲವು ಆ್ಯಪ್‌ಗಳ ಅಪ್‌ಲೋಡ್ ಅಲ್ಲೇ ನಿಲ್ಲುತ್ತದೆ, ನಿಂತದ್ದನ್ನು ಹೇಳುವುದೂ ಇಲ್ಲ.

ಟ್ಯಾಬ್ ಒಯ್ಯುವುದು ಖಚಿತವಾಗಿ, ಮನೆಯ ಕಂಪ್ಯೂಟರಿನ ಕೆಲಸವೊಂದು ಆಕಸ್ಮಿಕವಾಗಿ ಬರಬಹುದು ಎನಿಸಿದರೆ ದೂರದಿಂದಲೇ ಅದನ್ನು ನಡೆಸಲು ಬಿಡುವ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಹಾಕಿಡಿ. ಆ ಕಂಪ್ಯೂಟರ್ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿ, ಹೊರಗೆ ಹೋಗಿ ಮೊಬೈಲ್ ಡೇಟಾದಿಂದ ಒಮ್ಮೆ ಜೋಡಿಸಿ ನೋಡಿ. ಮನೆಯ ವೈ-ಫೈನಲ್ಲಿ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ. ತಾನೇ ಅಪ್‌ಡೇಟ್ ಆಗಿ ಮರುಚಾಲನೆಗೊಂಡ ಕಂಪ್ಯೂಟರ್ ಪಾಸ್‌ವರ್ಡ್ ಪರದೆಯಲ್ಲಿ ನಿಂತಿರುತ್ತದೆ, ಆಗಲೂ ಸಂಪರ್ಕ ಸಿಗುತ್ತದೆಯೇ ಎಂದು ಬೇಕೆಂದೇ ಒಮ್ಮೆ ಮರುಚಾಲನೆ ಮಾಡಿ ನೋಡುವುದು ಒಳ್ಳೆಯದು. ಎರಡು ಹಂತದ ಲಾಗಿನ್ ಕೋಡ್‌ಗಳು ಫೋನಿಗಷ್ಟೇ ಬರುವಂತಿದ್ದರೆ, ಮರುಪಡೆಯುವ ಕೋಡ್‌ಗಳನ್ನು ಕಾಗದಕ್ಕೆ ಬರೆದು ಫೋನ್ ಇಡದ ಚೀಲದಲ್ಲಿಡಿ.